ತುಕ್ಕು ಬಲ್ಲ ಕೈ

ಹಲ್ಲಿನ ಮೇಷ್ಟ್ರು ಜನ್ಮದಲ್ಲಿ ಯಾರಿಗೂ ಪಾಠ ಹೇಳಿದವರಲ್ಲ. ಅವರು ಮಾಡುತ್ತಿದ್ದದ್ದು ಕಟ್ಟುಹಲ್ಲಿನ ಸೆಟ್ಟು. ಹಲ್ಲಿನ ಡಾಕ್ಟರು ಬಾಯಿಯ ಅಚ್ಚು ತೆಗೆದು ಕಳಿಸುತ್ತಿದ್ದರು. ಇವರು ಮನೆಯ ಮುಂದಿನ ಕೋಣೆಯಲ್ಲಿ ಮೇಣ, ಪ್ಲಾಸ್ಟರು, ಸಣ್ಣ ಅರಗಳ ನಡುವೆ ಕೂತು ಹಲ್ಲು ಕೂರಿಸುತ್ತಿದ್ದರು. ಕೈಕೆಲಸ ಬಲ್ಲವರನ್ನು ಮೇಷ್ಟ್ರು ಎಂದು ಕರೆಯುವ ಬೀದಿ ಅದು, ಹೆಸರು ಅಂಟಿಕೊಂಡಿತು. ಬೀದಿಯ ಅರ್ಧ ಜನ ನಿಮ್ಮ ಹಲ್ಲಲ್ಲೇ ನಗ್ತಾರೆ, ಉಳಿದರ್ಧ ಜನ ಸರದಿಗೆ ಕಾಯ್ತಿದಾರೆ ಎಂದು ಹೆಂಡತಿ ರೇಗಿಸುತ್ತಿದ್ದಳು.

ಆ ಹೆಂಡತಿ ಬೀದಿಗೆಲ್ಲ ಬಣ್ಣದಕ್ಕ. ಯಂತ್ರ ಬರುವ ಮುಂಚೆ ಬಣ್ಣದಂಗಡಿಯಲ್ಲಿ ಬಣ್ಣ ಕೂಡಿಸುವ ಕೆಲಸ ಅವಳದು. ಗಿರಾಕಿ ಗೋಡೆಯಿಂದ ಉದುರಿದ ಚಕ್ಕೆಯೊಂದನ್ನು ತಂದು ಕೊಟ್ಟರೆ ಸಾಕು, ನಾಲ್ಕು ಡಬ್ಬಿ ತೆರೆದು, ಕಡ್ಡಿಯಲ್ಲಿ ಕಲಕಿ, ಅದೇ ಬಣ್ಣವನ್ನು ಎತ್ತಿ ಕೈಗೆ ಕೊಡುತ್ತಿದ್ದಳು. ಮೇಷ್ಟ್ರು ಮೊದಲ ಸಲ ಆ ಅಂಗಡಿಗೆ ಹೋದದ್ದು ಒಂದು ಹಲ್ಲು ಹಿಡಿದುಕೊಂಡು. ತೀರಾ ಬೆಳ್ಳಗಾಗಿದೆ, ಸುಳ್ಳು ಅಂತ ಕಾಣುತ್ತೆ ಎಂದಿದ್ದರು. ಅವಳು ಹಲ್ಲನ್ನು ಬೆಳಕಿಗೆ ಹಿಡಿದು, 'ಬುಡದಲ್ಲಿ ಸ್ವಲ್ಪ ಕಂದು ಬೇಕು. ತಿಂದಿದ್ದು ಕುಡಿದಿದ್ದು ಎಲ್ಲಾದ್ರೂ ಕಾಣ್ಬೇಕಲ್ವಾ?' ಎಂದಳು. ಒಂದು ಹಲ್ಲಿನ ನೆಪದಲ್ಲಿ ಮದುವೆಯಾದವರು ಲೋಕದಲ್ಲಿ ಇವರಿಬ್ಬರೇ ಇರಬೇಕು.

ಮಕ್ಕಳಾಗಲಿಲ್ಲ, ರೈಲಾಯಿತು. ಹಿತ್ತಿಲಲ್ಲಿ ನಿಂಬೆಗಿಡವನ್ನು ಸುತ್ತಿ, ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಹಾದು, ಮಣ್ಣು ಮುಚ್ಚಿದ ಸಿಮೆಂಟ್ ಪೈಪಿನ ಸುರಂಗದೊಳಗೆ ನುಗ್ಗಿ ಹೊರಬರುವ ಮೂರು ಬೆರಳಗಲದ ಹಳಿ. ಬ್ಯಾಟರಿಯ ಎಂಜಿನ್ನು ಅಂಗಡಿಯದು, ವ್ಯಾಗನ್ನುಗಳು ಮಾತ್ರ ಮನೆಯಲ್ಲೇ ಹುಟ್ಟಿದವು. ಮೇಷ್ಟ್ರು ಪ್ಲೈವುಡ್ಡು, ತಗಡು ಕತ್ತರಿಸಿ, ಹಲ್ಲಿನ ಅರದಲ್ಲೇ ಉಜ್ಜಿ, ತಗಡಿನ ಹಿಂದಿನಿಂದ ಮೊಳೆಯ ಮೊನೆ ಒತ್ತಿ ಸಾಲುಸಾಲು ರಿವೆಟ್ಟು ಎಬ್ಬಿಸಿ, ಒಂದೊಂದಕ್ಕೆ ಎರಡು ತಿಂಗಳು ತೆಗೆದುಕೊಳ್ಳುತ್ತಿದ್ದರು. ಮುಗಿದ ವ್ಯಾಗನ್ನು ಮೇಜಿನ ಮೇಲೆ ಪಳಪಳ ಹೊಳೆಯುತ್ತ ನಿಂತರೆ ಬಣ್ಣದಕ್ಕ ಮೂಗು ಮುರಿಯುವಳು. 'ಮದುವೆ ಗಂಡಿನ ಹಾಗೆ ನಿಂತಿದೆ ನೋಡಿ. ಇದು ಒಂದು ದಿನಾನೂ ದುಡಿದಿಲ್ಲ.' ಆಮೇಲೆ ಬ್ರಶ್ಶು ಎತ್ತಿಕೊಳ್ಳುವಳು.

ಹೊಸದನ್ನು ಹಳತು ಮಾಡುವುದು ಸುಲಭ ಎಂದುಕೊಂಡವರು ಒಮ್ಮೆ ಮಾಡಿ ನೋಡಲಿ. ಕಂದು ಬಣ್ಣ ಬಳಿದು ತುಕ್ಕು ಅನ್ನುತ್ತಾರೆ ಬಹಳ ಜನ. ಅದು ಚಾಕಲೇಟು ಮೆತ್ತಿದ ಹಾಗೆ ಕಾಣುತ್ತದೆ. ಬಣ್ಣದಕ್ಕ ಭಾನುವಾರ ಗಂಡನನ್ನು ಎಳೆದುಕೊಂಡು ಗೂಡ್ಸ್ ಯಾರ್ಡಿನ ಬೇಲಿಯ ಹತ್ತಿರ ಹೋಗಿ, ಅಂಗಡಿಯ ಬಣ್ಣದ ಕಾರ್ಡು ಹಿಡಿದು, ನಿಜವಾದ ವ್ಯಾಗನ್ನುಗಳ ತುಕ್ಕಿಗೆ ಹೋಲಿಸಿ ನೋಡುತ್ತಿದ್ದಳು. ನೀರು ನಿಲ್ಲುವ ಕಡೆ ತುಕ್ಕು ಹುಟ್ಟುತ್ತದೆ, ಅಲ್ಲಿಂದ ಕೆಳಕ್ಕೆ ಇಳಿಯುತ್ತದೆ. ಹಳೆಯದು ಕಪ್ಪು, ನಿನ್ನೆಯದು ಕಿತ್ತಳೆ. ಬಾಗಿಲು ಎಳೆಯುವವರ ಕೈ ಬೀಳುವ ಜಾಗದಲ್ಲಿ ಬಣ್ಣ ಸವೆದು ತಗಡು ಕಾಣಬೇಕು. ಇದಕ್ಕೆಲ್ಲ ಅವಳ ಹತ್ತಿರ ಪುಡಿಗಳಿದ್ದವು: ಕಬ್ಬಿಣದ ಅರಪುಡಿಯನ್ನು ಉಪ್ಪುನೀರಿನಲ್ಲಿ ವಾರ ನೆನೆಸಿ, ಒಣಗಿಸಿ, ತೆಳು ಬಟ್ಟೆಯಲ್ಲಿ ಜಾಲಿಸಿದ ನಿಜವಾದ ತುಕ್ಕು, ಇದ್ದಿಲು, ಇಟ್ಟಿಗೆ, ಸಿಮೆಂಟು. ಒಣ ಬ್ರಶ್ಶಿನಲ್ಲಿ ಪುಡಿಯನ್ನು ಉಜ್ಜಿ ಕೂರಿಸಿ ಕೊನೆಗೆ ಹೊಳಪಿಲ್ಲದ ವಾರ್ನಿಶ್ ಸಿಂಪಡಿಸಿದರೆ ಮಳೆ ಬಂದರೂ ಹೋಗದು. ವಾರ್ನಿಶ್ ಬೀಳುವ ತನಕ ಮಾತ್ರ ಒಂದು ಹನಿ ನೀರು ತಗುಲಿದರೂ ಕೆಲಸ ಕೆಟ್ಟಿತು. ಆ ವಾರ್ನಿಶ್ ಹೊಡೆಯುವುದು ಮೇಷ್ಟ್ರ ಪಾಲಿನ ಕೆಲಸ.

ಮರೆವು ಮೊದಲು ಹೊಕ್ಕಿದ್ದು ಅಡುಗೆಮನೆಗೆ. ಬಣ್ಣದಕ್ಕನಿಗೆ ಒಲೆ ಉರಿಯುತ್ತಿರುವುದು ಮರೆಯಿತು, ಮನೆಯ ದಾರಿ ಮರೆಯಿತು, ತಂಗಿಯ ಹೆಸರು ಮರೆಯಿತು. ಡಾಕ್ಟರು ಉದ್ದುದ್ದ ಮಾತಾಡಿ, ಕೊನೆಗೆ ಏನೂ ಮಾಡುವ ಹಾಗಿಲ್ಲ ಎಂಬುದನ್ನು ಎರಡು ಹಾಳೆಯಲ್ಲಿ ಬರೆದುಕೊಟ್ಟರು. ಒಂದು ಬೆಳಗ್ಗೆ, ಮೂವತ್ತೆಂಟು ವರ್ಷ 'ರೀ' ಎಂದು ಕರೆದ ಬಾಯಿ ಮೇಷ್ಟ್ರನ್ನು ನೋಡಿ, 'ಅಣ್ಣಾ, ನಮ್ಮ ಮನೆಯವರು ಬಂದ್ರಾ?' ಎಂದು ಕೇಳಿತು. ಮೇಷ್ಟ್ರು ಬಚ್ಚಲಿಗೆ ಹೋಗಿ, ಸದ್ದು ಕೇಳಿಸದಿರಲಿ ಎಂದು ನಲ್ಲಿ ತಿರುಗಿಸಿ, ಬಾಯಿಗೆ ಟವೆಲ್ಲು ಒತ್ತಿಕೊಂಡು ಅತ್ತರು.

ಆದರೆ ಕೈ ಮರೆತಿರಲಿಲ್ಲ. ಎದುರಿಗೆ ವ್ಯಾಗನ್ನಿಟ್ಟು, 'ಬಾರೇ ಮಹರಾಯ್ತಿ, ಇದು ಒಂದು ದಿನಾನೂ ದುಡಿದಿಲ್ಲ' ಎಂದರೆ ಸಾಕು, ಬ್ರಶ್ಶು ಹಿಡಿದು ನೆಟ್ಟಗೆ ರಿವೆಟ್ಟಿನ ಕೆಳಗೆ ಹೋಗುತ್ತಿದ್ದಳು. ಗಂಡ ಯಾರೆಂದು ತಿಳಿಯದವಳಿಗೆ ನೀರು ಎಲ್ಲಿ ನಿಲ್ಲುತ್ತದೆ ಎಂಬುದು ತಿಳಿದಿತ್ತು. ಆ ಒಂದು ಗಂಟೆ ಮೇಷ್ಟ್ರ ಪಾಲಿಗೆ ಹೆಂಡತಿ ಮನೆಯಲ್ಲಿರುತ್ತಿದ್ದಳು.

ತೊಂದರೆ ಏನೆಂದರೆ, ಮೇಷ್ಟ್ರು ಎರಡು ತಿಂಗಳಿಗೊಂದು ಮಾಡುವ ವ್ಯಾಗನ್ನು ಅವಳ ಕೈಗೆ ಎರಡು ದಿನಕ್ಕೆ ಸಾಲದು. ಅದಕ್ಕೆ ಅವರು ಉಪಾಯ ಹುಡುಕಿದರು. ಹಳೆಯ ವ್ಯಾಗನ್ನುಗಳ ವಾರ್ನಿಶ್ಶನ್ನು ಸ್ಪಿರಿಟ್ಟಿನಲ್ಲಿ ಒರೆಸಿ ತೆಗೆದು, ಒಂದೊಂದಾಗಿ ಮತ್ತೆ ಅವಳ ಮುಂದಿಟ್ಟರು. ಮುಗಿದ ಮೇಲೆ ವಾರ್ನಿಶ್ ಹೊಡೆಯಲೇ ಇಲ್ಲ. ಹೊಡೆದರೆ ಅವಳ ಕೈಗೆ ಮತ್ತೆ ಕೆಲಸ ಎಲ್ಲಿಂದ ತರುವುದು? ಹಾಗೆ ಎರಡು ವರ್ಷದಲ್ಲಿ ಮೂವತ್ತೆರಡು ವ್ಯಾಗನ್ನುಗಳೂ ಪುಡಿ ಒರೆಸಿಕೊಂಡು ಮತ್ತೆ ಮತ್ತೆ ಅವಳ ಬ್ರಶ್ಶಿನ ಕೆಳಗೆ ಹಾದು, ಬರಿ ಪುಡಿ ಹೊತ್ತು, ಮುಂದಿನ ಕೋಣೆಯ ಕಪಾಟಿನಲ್ಲಿ ನಿಂತವು.

ಬಣ್ಣದಕ್ಕನ ತಂಗಿ ಆಸ್ಪತ್ರೆಯಲ್ಲಿ ನರ್ಸು. ಮಾತು ಖಡಕ್ಕು, ಕರುಳು ಮೆತ್ತಗೆ. ಪ್ರತಿ ಭಾನುವಾರ ಬಂದು ಅಕ್ಕನ ತಲೆ ಬಾಚುವಳು, ಉಗುರು ಕತ್ತರಿಸುವಳು, ಭಾವನ ಮುಖ ನೋಡುವಳು.

'ಭಾವ, ಕನ್ನಡಿ ನೋಡ್ಕೊಂಡಿದೀರಾ? ಅರ್ಧ ಆಗಿಹೋಗಿದೀರಿ. ಮರೆವಿನೋರನ್ನ ನೋಡ್ಕೊಳ್ಳೋ ಮನೆ ಒಂದಿದೆ, ನಾನೇ ಹೋಗಿ ನೋಡ್ಬಂದೆ. ಅಲ್ಲೊಂದು ಕೋಣೆ ಖಾಲಿ ಇದೆ.'

'ಅವಳಿಗೆ ತುಕ್ಕು ಗೊತ್ತಿರೋವರೆಗೂ ಅವಳು ಇಲ್ಲಿಂದ ಕದಲೋಲ್ಲ' ಎಂದು ಮೇಷ್ಟ್ರು ಕಡ್ಡಿ ಮುರಿದ ಹಾಗೆ ಹೇಳಿದರು. 'ಅದು ಮರೆತ ದಿನ ನಾನೇ ನಿನ್ನ ಕೈಗೆ ಒಪ್ಪಿಸ್ತೀನಿ. ಸರೀನಾ?'

'ಮಾತು ತಪ್ಪಬಾರದು.'

'ತಪ್ಪಲ್ಲ.'

ಅಂದಿನಿಂದ ಭಾನುವಾರ ಆ ವಾರದ ವ್ಯಾಗನ್ನನ್ನು ನಾದಿನಿಯ ಮುಂದಿಡುವುದು ರೂಢಿಯಾಯಿತು. ಅವಳು ತಿರುಗಿಸಿ ಮುರುಗಿಸಿ ನೋಡಿ, ಕೆಳಗಿಟ್ಟು ಅಕ್ಕನ ತಲೆ ಬಾಚಲು ಕೂರುತ್ತಿದ್ದಳು. ಮೇಷ್ಟ್ರಿಗೆ ಇನ್ನೊಂದು ವಾರ ಸಿಕ್ಕುತ್ತಿತ್ತು.

ಆ ಗುರುವಾರ ಮೇಷ್ಟ್ರು ಒಂದು ಸೆಟ್ಟು ಕೊಟ್ಟುಬರಲು ಹಲ್ಲಿನ ಡಾಕ್ಟರ ಹತ್ತಿರ ಹೋಗಿದ್ದರು. ಎರಡು ಬೀದಿಯಾಚೆ, ಮುಕ್ಕಾಲು ಗಂಟೆಯ ಕೆಲಸ. ಬೀದಿ ಬಾಗಿಲಿಗೂ ಗೇಟಿಗೂ ಬೀಗ ಹಾಕಿ, ಒಲೆ ಆರಿಸಿ, ಎರಡೆರಡು ಸಲ ನೋಡಿಯೇ ಹೋದರು. ಕಪಾಟಿಗೆ ಬೀಗ ಹಾಕಬೇಕೆಂದು ಯಾರಿಗೆ ಹೊಳೆದೀತು?

ಬಂದು ನೋಡಿದರೆ ಕಪಾಟು ಬರಿದು. ಹಿತ್ತಿಲಿಗೆ ಓಡಿದರು. ಬಟ್ಟೆ ಒಗೆಯುವ ಕಲ್ಲಿನ ಮುಂದೆ ಬಣ್ಣದಕ್ಕ ಸೆರಗು ಸಿಕ್ಕಿಸಿ ಕೂತಿದ್ದಳು. ಪಾತ್ರೆ ಉಜ್ಜುವ ನಾರು ಒಂದು ಕೈಯಲ್ಲಿ, ಸೋಪಿನ ತುಂಡು ಇನ್ನೊಂದರಲ್ಲಿ. ಅವಳ ಪಕ್ಕದಲ್ಲಿ ಊಟದ ತಟ್ಟೆಗಳ ಹಾಗೆ ಸಾಲಾಗಿ ಬೋರಲು ಬಿದ್ದಿದ್ದವು ವ್ಯಾಗನ್ನುಗಳು. ಎಲ್ಲವೂ ಹೊಚ್ಚ ಹೊಸವು. ತುಕ್ಕು, ಮಸಿ, ಕೆಸರು ಎಲ್ಲ ಚರಂಡಿಯಲ್ಲಿ ಕಂದು ನೀರಾಗಿ ಹರಿದುಹೋಗಿತ್ತು.

'ನೋಡಿ ಅಣ್ಣಾ' ಎಂದಳು, ಮುಖವೆಲ್ಲ ನಗುವಾಗಿ. 'ಯಾವ ಪುಣ್ಯಾತ್ಮರೋ ಏನೋ, ಎಷ್ಟು ಕೊಳೆ ಮಾಡಿಟ್ಟಿದ್ರು! ಉಜ್ಜಿ ಉಜ್ಜಿ ಕೈ ಬಿದ್ದೋಯ್ತು.'

'ಏನು ಮಾಡ್ಬಿಟ್ಟೆಯೇ!' ಮೇಷ್ಟ್ರು ಕೂಗಿಬಿಟ್ಟರು. ಜನ್ಮದಲ್ಲಿ ಅವಳ ಮೇಲೆ ಅಷ್ಟು ದೊಡ್ಡದಾಗಿ ಕೂಗಿದವರಲ್ಲ. ಅವಳು ಬೆಚ್ಚಿ, ಸೋಪಿನ ಕೈಗಳೆರಡನ್ನೂ ಬೆನ್ನ ಹಿಂದೆ ಬಚ್ಚಿಟ್ಟುಕೊಂಡಳು. ಪರರ ಮನೆಯಲ್ಲಿ ಸಿಕ್ಕಿಬಿದ್ದವಳ ಹಾಗೆ ಗೇಟಿನ ಕಡೆ ನೋಡಿದಳು. ಮೇಷ್ಟ್ರು ಅಲ್ಲೇ ಒದ್ದೆ ನೆಲದ ಮೇಲೆ ತಲೆ ಮೇಲೆ ಕೈ ಹೊತ್ತು ಕೂತರು. ತಪ್ಪು ಅವಳದಲ್ಲ ಎಂದು ಅವರಿಗೆ ಗೊತ್ತಿತ್ತು. ವಾರ್ನಿಶ್ ಒರೆಸಿದವರು ಅವರು. ಅವಳನ್ನು ಉಳಿಸಿಕೊಳ್ಳಬೇಕೆಂದು ಹೂಡಿದ ಉಪಾಯವೇ ಅವಳನ್ನು ನೀರುಪಾಲು ಮಾಡಿತ್ತು. ತನ್ನ ಕೈಯನ್ನು ತಾನೇ ಕಡಿದುಕೊಳ್ಳಬೇಕು ಎನ್ನಿಸಿತು.

ಆದರೂ ಆಸೆ ಎಲ್ಲಿ ಬಿಟ್ಟೀತು? ಮರುದಿನ ಬೆಳಗ್ಗೆ ಒಂದು ವ್ಯಾಗನ್ನನ್ನು ಒರೆಸಿ ಮೇಜಿನ ಮೇಲಿಟ್ಟು, ಪುಡಿಯ ಡಬ್ಬಿಗಳನ್ನು ತೆರೆದು, ಬ್ರಶ್ಶನ್ನು ಅವಳ ಕೈಗೆ ಕೊಟ್ಟರು. 'ಇದು ಒಂದು ದಿನಾನೂ ದುಡಿದಿಲ್ಲ ನೋಡು' ಎಂದರು. ಅವಳು ಬ್ರಶ್ಶನ್ನು ನೋಡಿದಳು, ಅವರನ್ನು ನೋಡಿದಳು. ಅವರೇ ಅವಳ ಕೈ ಹಿಡಿದು ತುಕ್ಕಿನ ಪುಡಿಯಲ್ಲಿ ಅದ್ದಿ, ರಿವೆಟ್ಟಿನ ಕೆಳಗೆ ಒಂದು ಗೆರೆ ಎಳೆಸಿದರು. ಕೈ ಬಿಟ್ಟ ಕೂಡಲೇ ಅವಳು ಅದೇ ಬ್ರಶ್ಶಿನಲ್ಲಿ ಆ ಗೆರೆಯನ್ನು ಗುಡಿಸಿ ಹಾಕಿದಳು. 'ಇನ್ನೂ ಧೂಳಿದೆ' ಎಂದಳು. ಮೂರು ಸಲ ಮಾಡಿಸಿದರು, ಮೂರು ಸಲವೂ ಗುಡಿಸಿದಳು. ಮೇಷ್ಟ್ರು ಡಬ್ಬಿಗಳ ಮುಚ್ಚಳ ಹಾಕಿದರು. ಇನ್ನು ಆ ಮನೆಯಲ್ಲಿ ಅವರಿಗೆ ಯಾರೂ ಇರಲಿಲ್ಲ.

ಶನಿವಾರ ಒಣಗಿದ ವ್ಯಾಗನ್ನುಗಳನ್ನು ಕಪಾಟಿಗೆ ಜೋಡಿಸುವಾಗ ಎಣಿಸಿದರೆ ಮೂವತ್ತೊಂದೇ ಬಂತು. ಎರಡು ವಾರದ ಹಿಂದೆ ಅವಳಿಗೆ ತೋರಿಸಲೆಂದು ರೈಲು ಓಡಿಸಿದ್ದು ನೆನಪಾಯಿತು. ಮೊಣಕಾಲೂರಿ, ಕೆನ್ನೆ ನೆಲಕ್ಕೆ ತಾಗಿಸಿ, ಟಾರ್ಚು ಹಾಕಿ ಸುರಂಗದೊಳಗೆ ಇಣುಕಿದರು. ಕೊಕ್ಕೆ ಕಳಚಿ ಹಿಂದುಳಿದ ಒಂದು ಮುಚ್ಚಿದ ವ್ಯಾಗನ್ನು ಅಲ್ಲಿ ನಿಂತಿತ್ತು. ಕೋಲಿನಿಂದ ಮೆಲ್ಲಗೆ ಎಳೆದು ತೆಗೆದರು. ಎಲ್ಲವೂ ಹಾಗೇ ಇತ್ತು. ರಿವೆಟ್ಟಿನ ಕೆಳಗೆ ಇಳಿದ ಕಿತ್ತಳೆ ಗೆರೆಗಳು, ಮಾಡಿನ ಮಸಿ, ಬಾಗಿಲಿನ ಅಂಚಿನಲ್ಲಿ ಯಾರ‍್ಯಾರೋ ಎಳೆದೆಳೆದು ಸವೆದ ಜಾಗ. ಮೇಷ್ಟ್ರು ಅದನ್ನು ಮಡಿಲಲ್ಲಿಟ್ಟುಕೊಂಡು ಬಹಳ ಹೊತ್ತು ನಿಂಬೆಗಿಡದ ಕೆಳಗೇ ಕೂತರು.

ಆಮೇಲೆ ಒಂದು ಯೋಚನೆ ಬಂತು. ನಾಳೆ ಭಾನುವಾರ. ಇದು ಈ ವಾರದ್ದು ಎಂದು ನಾದಿನಿಯ ಮುಂದಿಟ್ಟರೆ ಅವಳಿಗೇನು ಗೊತ್ತಾಗುತ್ತದೆ? ಮುಂದಿನ ವಾರವೂ ಇದನ್ನೇ ಇಡಬಹುದು, ನಡುವೆ ಒಂದು ಚಕ್ರ ಬದಲಿಸಿದರಾಯಿತು. ನಲವತ್ತು ವರ್ಷ ಊರಿನ ಬಾಯಲ್ಲಿ ಸುಳ್ಳು ಹಲ್ಲು ಕೂರಿಸಿದವರಿಗೆ ಇದೊಂದು ಸುಳ್ಳು ಕೂರಿಸಲು ಬಾರದೆ? ವ್ಯಾಗನ್ನನ್ನು ಅಚ್ಚಿನ ಡ್ರಾಯರಿನಲ್ಲಿ ಬಚ್ಚಿಟ್ಟರು.

ಭಾನುವಾರ ನಾದಿನಿ ಬರುವ ಹೊತ್ತಿಗೆ ಅದನ್ನು ಮೇಜಿನ ಮೇಲಿಟ್ಟು ಅಂಗಿ ಬದಲಿಸಲು ಒಳಗೆ ಹೋದರು. ಗುಂಡಿ ಹಾಕಿಕೊಳ್ಳುತ್ತ ಬಂದರೆ ಬಣ್ಣದಕ್ಕ ವ್ಯಾಗನ್ನನ್ನು ಎದೆಗವಚಿಕೊಂಡು ನಿಂತಿದ್ದಳು.

'ಇದೊಂದು ಉಳ್ಕೊಂಡಿತ್ತು ಅಣ್ಣಾ. ಪಾಪ.'

'ಕೊಡು ಇಲ್ಲಿ.'

'ಒಡೆಯಲ್ಲ ಅಣ್ಣಾ. ಹುಷಾರಾಗಿ ತೊಳೀತೀನಿ. ಬೈಬೇಡಿ.'

ಮೇಷ್ಟ್ರು ಎರಡು ಕೈಯಲ್ಲೂ ವ್ಯಾಗನ್ನು ಹಿಡಿದುಕೊಂಡರು. ಒಂದು ಎಳೆತಕ್ಕೆ ಬರುತ್ತಿತ್ತು. ಅವಳು ಬಿಡಲಿಲ್ಲ, ಕಣ್ಣು ತುಂಬಿ ಬಂದಿತ್ತು. ಅವಳ ಹೆಬ್ಬೆರಳು ಬಾಗಿಲಿನ ಸವೆದ ಜಾಗದ ಮೇಲೆಯೇ ಇತ್ತು. ಅದನ್ನು ಮಾಡಿದ್ದು ಆ ಹೆಬ್ಬೆರಳೇ. ಮಾಡಿದವಳು ಇದನ್ನು ಕೇಳಿಕೊಂಡು ಇನ್ನು ಬರುವುದಿಲ್ಲ. ಬಂದು ನಿಂತಿರುವವಳಿಗೆ ಬೇಕಾದದ್ದು ಸೋಪು. ಗುರುವಾರ ತಾನು ಕೂಗುವ ತನಕ ಅವಳ ಮುಖದಲ್ಲಿದ್ದ ನಗು ಮೇಷ್ಟ್ರಿಗೆ ನೆನಪಾಯಿತು. ಎರಡು ವರ್ಷದಲ್ಲಿ ಅಂಥ ನಗು ಕಂಡಿರಲಿಲ್ಲ. ಅವರು ಕೈ ಬಿಟ್ಟರು.

ಇಬ್ಬರೂ ಕಲ್ಲಿನ ಮುಂದೆ ಕೂತರು. ಮೇಷ್ಟ್ರು ಚೊಂಬಿನಲ್ಲಿ ನೀರು ಹೊಯ್ದರು, ಅವಳು ಉಜ್ಜಿದಳು. ಮೊದಲು ಮಾಡಿನ ಮಸಿ ಹೋಯಿತು, ಆಮೇಲೆ ಕೆಸರು.

'ನಿಮ್ಮ ಮನೆಯವರು ಇದನ್ನೆಲ್ಲ ತೊಳೀತಿರ್ಲಿಲ್ವಾ ಅಣ್ಣಾ?'

'ಇಲ್ಲ. ಕೊಳೆ ಮಾಡ್ತಿದ್ದೋಳೇ ಅವಳು.'

'ಅಯ್ಯೋ, ಎಂಥಾ ಹೆಂಗಸಪ್ಪ!' ಬಣ್ಣದಕ್ಕ ಬಿದ್ದು ಬಿದ್ದು ನಕ್ಕಳು. ಮೇಷ್ಟ್ರೂ ನಗಲು ಹೋದರು. ಬಾಯಿ ತೆರೆಯಿತು, ಬಂದದ್ದು ಅಳು. ಚೊಂಬನ್ನು ಮತ್ತೆ ತುಂಬಿಸಿಕೊಂಡರು.

ಗೇಟಿನ ಸದ್ದಾಯಿತು. ನಾದಿನಿ ಮನೆಯ ಪಕ್ಕದಿಂದ ಹಿತ್ತಿಲಿಗೆ ಬಂದು ನಿಂತಳು. ತೊಳೆದ ವ್ಯಾಗನ್ನನ್ನು ನೋಡಿದಳು, ಚರಂಡಿಯ ಕಂದು ನೀರನ್ನು ನೋಡಿದಳು. ಅವಳಿಗೆ ಯಾರೂ ಏನೂ ಬಿಡಿಸಿ ಹೇಳಬೇಕಾಗಿರಲಿಲ್ಲ.

'ಆ ಕೋಣೇಲಿ ನಲ್ಲಿ ಇದೆಯೇನಮ್ಮ?' ಮೇಷ್ಟ್ರು ತಲೆಯೆತ್ತದೆ ಕೇಳಿದರು.

'ಇದೆ ಭಾವ.'

'ಅವಳ ಕೈಗೆ ಎಟುಕುತ್ತಾ?'

'ಎಟುಕುತ್ತೆ.'

'ಹಾಗಾದ್ರೆ ಈ ವ್ಯಾಗನ್ನುಗಳನ್ನೆಲ್ಲ ಅವಳ ಜೊತೆ ಕಳಿಸ್ತೀನಿ. ದಿನಾ ತೊಳೆಯೋಕೆ ಅವಳಿಗೆ ಏನಾದ್ರೂ ಬೇಕು. ವಾರವಾರ ಬಂದು ಕೊಳೆ ಮಾಡಿಟ್ಟು ಹೋಗ್ತೀನಿ. ಅದೊಂದನ್ನ ನಾನು ಈಗ ಕಲೀಬೇಕು.'

ನಾದಿನಿ ಗೋಡೆಯ ಕಡೆ ತಿರುಗಿ ನಿಂತಳು. ಬಣ್ಣದಕ್ಕ ವ್ಯಾಗನ್ನನ್ನು ಬಿಸಿಲಿಗೆ ಬೋರಲು ಹಾಕಿ, ಬೇರೆ ಇದ್ದರೆ ಕೊಡಿ ಎಂದು ಒದ್ದೆ ಕೈ ಚಾಚಿದಳು.