ಗೌಂಡಿ ಕಟ್ಟಿದ ಕಿಮ್ಮತ್ತು

ಅಪ್ಪ ತೀರಿಕೊಂಡ ಮರುವರ್ಷ, ಶಹಾಪುರದ ನಮ್ಮ ಮನೆಯಲ್ಲಿ ಅವ್ವನಿಗಿದ್ದ ಅರ್ಧ ಪಾಲನ್ನು ಅಪ್ಪನ ತಮ್ಮನಾದ ಕಾಕಾ ಕೊಂಡುಕೊಳ್ಳುವುದೆಂದು ಮಾತಾಯಿತು. ಬೆಲೆ ಕಟ್ಟಲು, ಊರಲ್ಲಿ ಎಷ್ಟೋ ಮನೆ ಕಟ್ಟಿದ್ದ ವಯಸ್ಸಾದ ಗೌಂಡಿಯೊಬ್ಬರನ್ನು ಕರೆಸಿದರು. ಕಾಲುವೆ ಬಂದ ಮೇಲೆ ಹೊಲಗಳ ಮಾರಾಟ ಜೋರಾಗಿತ್ತು. ನಮ್ಮ ಓಣಿಯಲ್ಲಿ ಮಾತ್ರ ಯಾರೂ ಮನೆ ಮಾರಿರಲಿಲ್ಲ.

ಗೌಂಡಿ ಗೋಡೆಗಳನ್ನು ಬೆರಳ ಗೆಣ್ಣಿನಿಂದ ತಟ್ಟಿ, ಕಿವಿಗೊಟ್ಟು ಕೇಳಿ, ಏದುಸಿರು ಬಿಡುತ್ತ ಬಂದು ಕಟ್ಟೆಯ ಮೇಲೆ ಕುಳಿತರು.

"ಮಾರಿದ್ದ ಮನಿ ಒಂದರ ತೋರಸ್ರಿ, ನೋಡಿ ಹೇಳ್ತೀನಿ," ಎಂದರು. ಯಾರ ಮನೆಗೆ ಹೋದರೂ ಮೊದಲು ಇದೇ ಮಾತು. ಹೇಳಿ ಹೇಳಿ ಅವರಿಗೇ ಸಾಕಾದಂತಿತ್ತು.

ಕಾಕಾ ತಾನೇ ಒಂದು ಬೆಲೆ ಹೇಳಿದ. ಅವ್ವ ಬಾಗಿಲಿಗೆ ಒರಗಿ ನಿಂತಿದ್ದಳು.

"ಇದೇ ಕಿಮ್ಮತ್ತಿಗಿ ನಿಮ್ಮ ಪಾಲು ಈ ತಂಗಿಗಿ ಕೊಡ್ತೀರೇನ್ರಿ?" ಅವ್ವನ ಕಡೆ ಕೈ ತೋರಿಸಿ ಗೌಂಡಿ ಕೇಳಿದರು.

"ನಾ ಯಾಕ ಕೊಡ್ಲಿ?" ಎಂದ ಕಾಕಾ.

"ಹಂಗಾರ ಅದು ಕಿಮ್ಮತ್ತಲ್ಲ ಬಿಡ್ರಿ."

ಕಾಕಾ ಬೆಲೆ ಏರಿಸಿದ. ಗೌಂಡಿ ಮತ್ತೆ ಅದನ್ನೇ ಕೇಳಿದರು. ಮೂರನೆಯ ಸಲ ಕಾಕಾ ಸಿಡುಕಿ, "ಹೂಂ, ಕೊಡ್ತೀನಿ," ಎಂದ. ಅಷ್ಟಕ್ಕೇ ಕಾಗದವಾಯಿತು. ಆ ಹಣದಲ್ಲಿ ಅವ್ವ ಯಾದಗಿರಿಯಲ್ಲಿ ಎರಡು ಕೋಣೆಯ ಮನೆ ಕೊಂಡಳು.

ಕಾಕಾನ ಮನೆಯ ಮೇಲೊಂದು ಮಾಳಿಗೆ ಕಟ್ಟುವ ಕೆಲಸ ಆ ಗೌಂಡಿಗೇ ಎಂದು ಮೊದಲು ಮಾತಾಗಿತ್ತು. ಈಗ ಬೇರೆಯವರು ಬಂದರು. ಒಮ್ಮೆ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಾಗ ಅವ್ವ, "ನಮ್ಮ ಸಲುವಾಗಿ ನಿಮ್ಮ ಕೆಲಸ ಹೋತಲ್ರಿ ಅಣ್ಣಾ," ಎಂದಳು.

"ಮೊಣಕಾಲ ನೋಯಾಕತ್ತಾವ ತಂಗಿ. ಮಾಳಗಿ ಏರೂದು ನನ್ನಿಂದ ಆಗ್ತಿರಲಿಲ್ಲ."

ಅಷ್ಟರಲ್ಲಿ ಸುರಪುರದ ಬಸ್ಸು ಬಂತು. ಒಳಗೆ ಕಾಲಿಡಲು ಜಾಗವಿರಲಿಲ್ಲ. ಅವರು ಸಾಮಾನಿನ ಚೀಲ ಹೆಗಲಿಗೇರಿಸಿ, ಹಿಂದಿನ ಏಣಿ ಹಿಡಿದು ಬಸ್ಸಿನ ಮೇಲೆ ಹತ್ತಿ ಕುಳಿತರು.