ಗಾಜಿನ ಕೆಳಗಿನ ಚಕ್ಕೆ

ಇಳಕಲ್ಲಿನ ಸುತ್ತ ಬರೀ ಯಮನೂರ ಎಂದರೆ ಯಾರಿಗೂ ಗೊತ್ತಾಗದು. ಗಾಜಿನ ಯಮನೂರ ಎನ್ನಬೇಕು. ಹುಟ್ಟಿದ್ದು ಮಾತ್ರ ಪಟ್ಟದಕಲ್ಲಿನಲ್ಲಿ, ಕಲ್ಲಿನ ಗೋಡೆ ಕಟ್ಟುವವರ ಮನೆಯಲ್ಲಿ. ಅಪ್ಪ ಕಲ್ಲಪ್ಪ ಗೋಡೆ ಏರಿಸುವಾಗ ಇವನು ಚಕ್ಕೆಗಳ ಬುಟ್ಟಿ ಹೊತ್ತು ಹಿಂದೆ ನಿಲ್ಲುತ್ತಿದ್ದ. ಕಲ್ಲು ಅಲುಗಿದರೆ ಅಪ್ಪ ತಿರುಗಿ ನೋಡದೆ ಕೈ ಚಾಚುವನು. ಇವನು ತಕ್ಕ ದಪ್ಪದ ಚಕ್ಕೆಯನ್ನು ಆ ಅಂಗೈಯಲ್ಲಿ ಇಡುವನು. "ಸಂದಿಗೆ ಚಕ್ಕಿ ಬಿತ್ತಂದ್ರ ಮುಗೀತು, ಕಲ್ಲು ನಮ್ಮ ಮೊಮ್ಮಕ್ಕಳ ಕಾಲಕ್ಕೂ ಅಲಗಾಡಂಗಿಲ್ಲ" ಎನ್ನುತ್ತಿದ್ದ ಕಲ್ಲಪ್ಪ.

ಕಲ್ಲಿನ ಗೋಡೆ ಕಟ್ಟಿಸುವವರು ಇಲ್ಲವಾದ ಮೇಲೆ ಯಮನೂರ ಹುಬ್ಬಳ್ಳಿಗೆ ಹೋಗಿ, ಪ್ಲಾಸ್ಟಿಕ್ ಚೌಕಟ್ಟಿನ ಕಿಟಕಿಗಳಿಗೆ ಜೋಡಿ ಗಾಜು ಕೂಡಿಸುವುದನ್ನು ಕಲಿತ. ಎರಡು ಗಾಜು, ನಡುವೆ ಬೆರಳಗಲ ಗಾಳಿ, ಸುತ್ತಲೂ ಬಿಗಿಯಾದ ಅಂಟು. ಹೊರಗಿನ ಧೂಳೂ ಸದ್ದೂ ಹೊರಗೇ. ಗ್ರಾನೈಟ್ ಗಣಿಗಳ ಬದಿಯಲ್ಲಿ ಬದುಕುವವರಿಗೆ ಇನ್ನೇನು ಬೇಕು? ಕಲಿಸಿದ ಇರ್ಫಾನ ಮೊದಲ ದಿನವೇ ಹೇಳಿದ್ದ: "ಗಾಜಿನ ಬುಡಕ್ಕ ಪ್ಲಾಸ್ಟಿಕ್ ತುಂಡಷ್ಟೇ ಇಡಬೇಕು. ಕಲ್ಲು, ಕಬ್ಬಿಣ ಮುಟ್ಟಿಸಿದಿ ಅಂದ್ರ ಅದು ಸಿಟ್ಟು ಇಟ್ಕೋತೈತಿ ನೋಡಲೇ."

ಎರಡು ವರ್ಷದ ಹಿಂದೆ ಇಳಕಲ್ಲಿನ ಹೊರವಲಯದ ರಾಜಶ್ರೀಯ ಮನೆಗೆ ಅವನು ಒಂಬತ್ತು ಕಿಟಕಿ ಕೂಡಿಸಿದ್ದ. ಈಗ ಅಡುಗೆಮನೆಯ ಗಾಜು ಒಡೆದಿದೆ ಎಂದು ಫೋನ್ ಬಂತು. ಹೊಸ ಜೋಡಿ ಗಾಜು ತರಿಸಿಕೊಂಡು ಒಂದು ಮಂಗಳವಾರ ಹೋದ.

"ಗಣಿಯಾಗ ದಿನಾ ಮಧ್ಯಾಹ್ನ ಒಂದಕ್ಕ ಸೈರನ್ ಆಗಿ ಮದ್ದು ಹಾರಸ್ತಾರ್ರಿ," ಎಂದಳು ರಾಜಶ್ರೀ. ಕನ್ನಡ ಶಾಲೆಯ ಶಿಕ್ಷಕಿ. ಅಂದು ರಜೆ ಹಾಕಿದ್ದಳು. "ಊರಾಗ ಗ್ವಾಡಿ ಬಿರುಕು ಬಿಟ್ಟಾವ. ಎಲ್ಲಾರೂ ಕೂಡಿ ಅರ್ಜಿ ಬರದೇವಿ. ಗಾಜೂ ಅದಕ್ಕ ಒಡೀತು ಅಂತ ನೀವೊಂದು ಸಹಿ ಮಾಡಿಬಿಡ್ರಿ, ಯಮನೂರಣ್ಣ."

"ಆತು ಬಿಡ್ರಿ ಅಕ್ಕಾರ."

ಗಾಜು ಹಿಡಿದಿಡುವ ತೆಳು ಪಟ್ಟಿಗಳನ್ನು ಒಂದೊಂದಾಗಿ ಎಬ್ಬಿಸಿದ. ಗಾಳಿ ಹೀರಿ ಅಂಟುವ ರಬ್ಬರ್ ಹಿಡಿಕೆಯನ್ನು ಗಾಜಿಗೆ ಕಚ್ಚಿಸಿ ಮೆಲ್ಲಗೆ ಮೇಲೆತ್ತಿದ. ಬಿರುಕು ಎಡಮೂಲೆಯ ಬುಡದಿಂದ ಹೊರಟು ಬಳ್ಳಿಯಂತೆ ಹಬ್ಬಿತ್ತು. ಅದರ ಬೇರು ಇದ್ದಲ್ಲಿ, ಚೌಕಟ್ಟಿನ ತಳದಲ್ಲಿ, ಹೆಬ್ಬೆರಳ ಉಗುರಿನಷ್ಟು ಕೆಂಪು ಗ್ರಾನೈಟ್ ಚಕ್ಕೆ ಕೂತಿತ್ತು.

ಯಮನೂರನಿಗೆ ಅದರ ಗುರುತು ಸಿಕ್ಕಿತು. ಎರಡು ವರ್ಷದ ಹಿಂದೆ, ಇನ್ನೆರಡು ಕಿಟಕಿ ಬಾಕಿ ಇರುವಾಗ ಪ್ಲಾಸ್ಟಿಕ್ ತುಂಡು ಮುಗಿದಿದ್ದವು. ಕೈ ತಾನಾಗಿ ಅಂಗಳಕ್ಕೆ ಹೋಗಿತ್ತು, ಅಪ್ಪನಿಗೆ ಕೊಡುವಂತೆ ತಕ್ಕ ದಪ್ಪದ ಚಕ್ಕೆ ಆರಿಸಿತ್ತು. ಎರಡು ಕಿಟಕಿ. ಒಂದು ಇದು. ಇನ್ನೊಂದು?

ಚಕ್ಕೆಯನ್ನು ಜೇಬಿಗೆ ಇಳಿಸಿದ. ಹೊಸ ಗಾಜನ್ನು ಪ್ಲಾಸ್ಟಿಕ್ ತುಂಡಿನ ಮೇಲೆ ಕೂಡಿಸಿ, ಪಟ್ಟಿಗಳನ್ನು ರಬ್ಬರ್ ಸುತ್ತಿಗೆಯಿಂದ ತಟ್ಟಿದ. ರಾಜಶ್ರೀ ಚಹಾದ ಜೊತೆ ಅರ್ಜಿ ತಂದಳು. ಸಹಿ ಮಾಡಿದ. ಅಕ್ಷರಗಳು ಎಂದಿಗಿಂತ ಸಣ್ಣವಾಗಿ ಬಂದವು.

ಅಷ್ಟರಲ್ಲಿ ನಡುಮನೆಯಿಂದ ಅವಳ ಅತ್ತೆ ರಂಗವ್ವ ಕೂಗಿದಳು. "ಗಾಜಿನಾವಾ! ಇಲ್ಲೆ ಬಾರೋ. ನನ್ನ ಕಿಟಕಿ ಮಾತಾಡತೈತಿ."

ಸೊಂಟ ಮುರಿದು ನಾಲ್ಕು ತಿಂಗಳಿಂದ ಮುದುಕಿ ಮಂಚ ಹಿಡಿದಿದ್ದಳು. ಹಟ್ಟಿಯ ಕುರಿಗಳು ಕಾಣಲೆಂದು ಹಠಮಾಡಿ ಮಂಚವನ್ನು ದೊಡ್ಡ ಕಿಟಕಿಗೆ ತಾಗಿಸಿಕೊಂಡಿದ್ದಳು. ಆಳೆತ್ತರದ ಗಾಜು, ಅದರ ಬುಡದಲ್ಲಿ ಅವಳ ದಿಂಬು. ಯಮನೂರನಿಗೆ ಎರಡನೆಯ ಕಿಟಕಿ ಯಾವುದೆಂದು ನೆನಪಾಯಿತು.

"ಏನಂತೈತಿ ಯವ್ವಾ?"

"ಬಿಸಿಲು ಏರಿದ್ರ ಟಿಕ್ ಅಂತೈತಿ. ಹಲ್ಲಿ ಲೊಚಗುಟ್ಟಿದಂಗಲ್ಲ. ಹಲ್ಲು ಕಡದಂಗ."

ಅವನು ಬಗ್ಗಿ ಗಾಜಿನ ಬುಡದಲ್ಲಿ ಉಗುರು ಎಳೆದ. ಪಟ್ಟಿಯ ಅಂಚಿನಲ್ಲಿ ಉಗುರು ಸಿಕ್ಕಿಕೊಂಡಿತು. ಕಣ್ಣಿಗೆ ಕಾಣದ, ಕೂದಲೆಳೆಯಷ್ಟು ಗೆರೆ. ಗೋಡೆಯ ಗಡಿಯಾರದಲ್ಲಿ ಒಂದು ಗಂಟೆಗೆ ಇನ್ನು ಹತ್ತು ನಿಮಿಷ ಇತ್ತು.

"ಯವ್ವಾ, ಮಂಚ ಸರಸೋಣ."

"ಯಾಕ? ಕುರಿ ಕಾಣಂಗಿಲ್ಲ. ಮಗ ಮಾಳಿಂಗರಾಯಗ ಎಣಸಾಕ ಬರಂಗಿಲ್ಲ, ನಾನ ಎಣಸಬೇಕು."

"ಸ್ವಲ್ಪ ಹೊತ್ತು ಅಷ್ಟ."

"ನಿನ್ನ ಗಾಜು ಗಟ್ಟಿ ಐತಿ ಅಂತ ನೀನ ಹೇಳಿದ್ದಿ. ಈಗೇನು ಅಂಜಿಕಿ ಬಂತು ನಿನಗ?"

ರಾಜಶ್ರೀ ಬಾಗಿಲಲ್ಲಿ ಬಂದು ನಿಂತಳು. "ಅತ್ತಿ ಒಪ್ಪಂಗಿಲ್ರಿ. ಮಂಚ ಅಳ್ಳಾಡಿದ್ರ ಸೊಂಟ ನೂಸತೈತಿ. ಸಂಜಿಗೆ ಇವರು ಬಂದ ಮ್ಯಾಲೆ ನೋಡೋಣೇಳ್ರಿ."

ಸಂಜೆಗೆ ಮುಂಚೆ ಒಂದು ಗಂಟೆಯ ಸೈರನ್ ಇತ್ತು. ಜೇಬಿನೊಳಗಿನ ಚಕ್ಕೆ ತೊಡೆಗೆ ಚುಚ್ಚುತ್ತಿತ್ತು. ಯಮನೂರ ಅದನ್ನು ತೆಗೆದು ಅಂಗೈ ಚಾಚಿದ.

"ಅಕ್ಕಾರ, ನಿಮ್ಮ ಅಡಗಿಮನಿ ಗಾಜು ಗಣಿಯವರಿಂದ ಒಡದಿಲ್ಲ. ಇದ್ರಿಂದ ಒಡೀತು. ಇಟ್ಟಾವ ನಾನು. ಇಲ್ಲೂ ಒಂದಿಟ್ಟೇನಿ, ಗಾಜು ಆಗಲೇ ಸೀಳಾಕತ್ತೈತಿ. ತಪ್ಪು ನಂದು. ಬೈಯೋದು ಆಮ್ಯಾಲೆ ಬೈರಿ, ಈಗ ಮಂಚ ಹಿಡೀರಿ."

ರಾಜಶ್ರೀ ಬೈಯಲಿಲ್ಲ. ಮಂಚದ ಆ ಕಡೆ ಹಿಡಿದಳು. ರಂಗವ್ವ "ಸತ್ತೆ, ಸತ್ತೆ" ಎಂದು ಹಲ್ಲು ಕಚ್ಚಿಕೊಂಡು ನರಳಿದಳು. ಎದುರು ಗೋಡೆಗೆ ಮಂಚ ತಾಗುವಾಗ ಸೈರನ್ ಶುರುವಾಯಿತು. ಮೂರು ಸಲ ಏರಿತು, ಮೂರು ಸಲ ಇಳಿಯಿತು. ಹಟ್ಟಿಯ ಕುರಿಗಳು ಒಂದಕ್ಕೊಂದು ಒತ್ತಿಕೊಂಡು ನಿಂತವು. ಆಮೇಲೆ ನೆಲ ಒಮ್ಮೆ ನಡುಗಿತು.

ಗೆರೆ ಬುಡದಿಂದ ಎದ್ದು, ಏನೋ ದಾರಿ ಹುಡುಕುತ್ತಿರುವಂತೆ ಒಂದಿಷ್ಟು ಎಡಕ್ಕೆ, ಒಂದಿಷ್ಟು ಬಲಕ್ಕೆ ವಾಲಿ, ಮೇಲಿನ ಚೌಕಟ್ಟು ಮುಟ್ಟಿತು. ಗಾಜು ಬೀಳಲಿಲ್ಲ. ಎರಡು ಹೋಳಾಗಿ, ಒಳಮುಖ ವಾಲಿ, ನಿಂತೇ ಇತ್ತು. ದಿಂಬು ಇದ್ದ ಜಾಗದ ಮೇಲೆ ಅದರ ನೆರಳು ಬಿದ್ದಿತ್ತು.

ರಾಜಶ್ರೀ ಒಳಗೆ ಹೋಗಿ ಅರ್ಜಿ ತಂದು, ಗಾಜಿನ ಸಾಲನ್ನೂ ಅವನ ಸಹಿಯನ್ನೂ ಪೆನ್ನಿನಿಂದ ಹೊಡೆದು ಹಾಕಿದಳು. ಗೋಡೆಗಳ ಸಾಲು ಉಳಿದವು. ಆಮೇಲೆ ತಲೆಯೆತ್ತದೆ ಕೇಳಿದಳು: "ಇನ್ನ ಯಾರ ಮನ್ಯಾಗ ಇಟ್ಟೀರಿ?"

ಯಮನೂರ ಅಗಲ ಅಂಟುಪಟ್ಟಿ ಬಿಚ್ಚಿ ಒಡೆದ ಗಾಜಿಗೆ ಅಡ್ಡಡ್ಡ ಅಂಟಿಸುತ್ತಿದ್ದ. ಕೈ ನಿಂತಿತು. ನವನಗರದಲ್ಲಿ ಇಲ್ಲ. ಹುನಗುಂದದಲ್ಲಿ ಇಲ್ಲ. ಬಾದಾಮಿಯ ಲಾಡ್ಜು, ಮೆಟ್ಟಿಲ ಮೇಲಿನ ದೊಡ್ಡ ಗಾಜು. ಅಂದೂ ತುಂಡು ಮುಗಿದಿದ್ದವು.

"ಬಾದಾಮ್ಯಾಗ ಒಂದೈತ್ರಿ."

"ಮತ್ತ ನನ್ನ ಮಾರಿ ಏನು ನೋಡ್ತೀಯೋ?" ಎಂದಳು ರಂಗವ್ವ ಮಂಚದಿಂದ. "ಫೋನ್ ಹಚ್ಚು."

ಹಚ್ಚಿ, ಮೆಟ್ಟಿಲು ಬಂದ್ ಮಾಡಲು ಹೇಳಿದ. ಲಾಡ್ಜಿನ ಮ್ಯಾನೇಜರ್ ಶ್ರೀಶೈಲ ನಕ್ಕ. "ಮೆಟ್ಟಿಲಾ ಬಂದ್ ಮಾಡೂದಾ? ಸಾಲಿ ಹುಡುಗ್ರು ಟ್ರಿಪ್ ಬಂದಾವ್ರಿ, ಮ್ಯಾಲೆ ಕೆಳಗ ಓಡ್ಯಾಡಾಕತ್ತಾವ. ಗಾಜು ಬೆಸ್ಟ್ ಐತಿ. ಬಿಸಿಲಿಗೆ ಒಂಚೂರು ಟಿಕ್ ಅಂತೈತಿ, ಅಷ್ಟ."

"ಹುಡುಗರನ್ನ ಕೆಳಗ ಇಳಸ್ರಿ," ಎಂದ ಯಮನೂರ. ಒಂದು ಕೈ ಇನ್ನೂ ಒಡೆದ ಗಾಜನ್ನು ಒತ್ತಿ ಹಿಡಿದಿತ್ತು. "ಈಗಿಂದೀಗ ಇಳಸ್ರಿ. ತಪ್ಪು ನಂದು."