ಕಡಲೆಯ ಬಟ್ಟಲಾದ ಹಾಡು

ಸಾನ್ವಿ, ತೇಜಸ್, ನಿನ್ನೆ ಸಂಜೆ ನೀವು ಆ ಹೊಸ ರೆಕಾರ್ಡನ್ನು ಹಾಕಿದ ಕೂಡಲೇ ನಾನು ಎದ್ದು ಅಡುಗೆಮನೆಗೆ ಹೋದೆನಲ್ಲ, "ಪಾಪ, ಅಜ್ಜಿಗೆ ಗಲಾಟೆ ಆಯ್ತು" ಎಂದು ನೀವು ಸದ್ದು ತಗ್ಗಿಸಿದಿರಿ. ಗಲಾಟೆ ಆದದ್ದು ಹೌದು. ಆದರೆ ನಾನು ಎದ್ದದ್ದು ಅದಕ್ಕಲ್ಲ. ಬಾಯಿಬಿಟ್ಟು ಹೇಳಲು ನಾಚಿಕೆ, ಹಾಗಾಗಿ ಬರೆಯುತ್ತಿದ್ದೇನೆ. ಊರ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಕಲಿತವಳು. ತಪ್ಪಿದ್ದರೆ ತಿದ್ದಿಕೊಂಡು ಓದಿ.

ಆ ರೆಕಾರ್ಡಿನ ಕವರಿನ ಮೇಲೆ ಕಾಪುವಿನ ದೀಪಸ್ತಂಭದ ಬಂಡೆಯಲ್ಲಿ ಬಿಗಿ ಪ್ಯಾಂಟು ಹಾಕಿ ನಿಂತ ನಾಲ್ವರು ಹುಡುಗರಿದ್ದಾರಲ್ಲ, ಅವರಲ್ಲಿ ಗಾಳಿಗೆ ಕೂದಲು ಹಾರಿ ಮುಖವೇ ಕಾಣದವರು ನಿಮ್ಮ ಅಜ್ಜ. ಬ್ಯಾಂಡಿನ ಹೆಸರು ಕಾಪು ಕಾಮೆಟ್ಸ್. ಅಜ್ಜನದು ಡ್ರಮ್, ಅವರ ಸ್ನೇಹಿತ ಹಮೀದಣ್ಣನದು ಗಿಟಾರು. ನಾನು ಮದುವೆಯಾಗಿ ಬರುವ ಮೊದಲೇ, ಅರುವತ್ತರ ದಶಕದಲ್ಲಿ, ಮೀನುಬಲೆ ಇಡುವ ಕೊಟ್ಟಿಗೆಯಲ್ಲಿ ಬಾರಿಸಿ ಬಾರಿಸಿ, ಮುಂಬಯಿಗೆ ಹೋಗಿ ಎರಡು ಇಂಗ್ಲಿಷ್ ಹಾಡುಗಳ ಒಂದು ಪುಟ್ಟ ರೆಕಾರ್ಡು ಮಾಡಿಸಿ, ಯಾರೂ ಕೊಳ್ಳದೆ ಸುಮ್ಮನಾದವರು. ನನ್ನ ಅತ್ತೆಯ ಪ್ರಕಾರ ತಪ್ಪೆಲ್ಲ ಹೆಸರಿನದು. "ಧೂಮಕೇತು ಅಂತ ಹೆಸರಿಟ್ಟರೆ ಏಳಿಗೆ ಉಂಟಾ?" ಎನ್ನುತ್ತಿದ್ದರು. ಈಗ ಯಾವುದೋ ದೇಶದವರು ಮರೆತುಹೋದ ಇಂತಹ ಹಾಡುಗಳನ್ನು ಹುಡುಕಿ ಹೊಸದಾಗಿ ಹೊರತರುತ್ತಿದ್ದಾರಂತೆ. ಧೂಮಕೇತು ಅಲ್ವಾ, ತಿರುಗಿ ಬಂತು.

ಮನೆಯಲ್ಲಿದ್ದ ಹಳೆಯದು ಎಲ್ಲಿ ಎಂದು ನೀವು ಕೇಳಿದಿರಿ.  ಟಿವಿಯ ಪಕ್ಕದಲ್ಲಿ ನೀವು ಸ್ಕೂಟರಿನ ಕೀ ಹಾಕುವ, ಅಂಚು ಹೂವಿನ ಎಸಳಿನ ಹಾಗೆ ಬಾಗಿದ ಕಪ್ಪು ಬಟ್ಟಲು ಉಂಟಲ್ಲ, ಅದೇ.

ಎಪ್ಪತ್ತರ ದಶಕ. ಅಜ್ಜ ಕಾರ್ಕಳದ ಒಂದು ಶಾಲೆಯಲ್ಲಿ ಗುಮಾಸ್ತರು. ಯಾರ ಜೊತೆಗೂ ಮಾತಾಡದ ನನ್ನನ್ನು ಪಕ್ಕದ ಮನೆಯವರು ಮಹಿಳಾ ಮಂಡಲಕ್ಕೆ ಎಳೆದುಕೊಂಡು ಹೋದರು. ಅಲ್ಲಿ ಆಗ ಹಾಳಾದ ರೆಕಾರ್ಡಿನಿಂದ ಬಟ್ಟಲು ಮಾಡುವ ಹುಚ್ಚು. ರೆಕಾರ್ಡನ್ನು ಬೋರಲು ಹಾಕಿದ ಚೊಂಬಿನ ಮೇಲಿಟ್ಟು ಕುದಿಯುವ ನೀರು ಹೊಯ್ದರೆ ಅದು ನೀರುದೋಸೆಯ ಹಾಗೆ ಮೆತ್ತಗಾಗುತ್ತದೆ. ಆಗ ಅಂಚನ್ನು ಬೇಕಾದಂತೆ ಮಡಚಬಹುದು. ನನಗೊಂದು ರೆಕಾರ್ಡು ಬೇಕಿತ್ತು. ಕಾಪುವಿಗೆ ಹೋದಾಗ ಅತ್ತೆಯೇ ಪೆಟ್ಟಿಗೆಯಿಂದ ತೆಗೆದುಕೊಟ್ಟರು. "ಕೊಂಡುಹೋಗು ಮಾರಾಯ್ತಿ, ಜಾಗವಾದರೂ ಆಗಲಿ." ಅದರ ಮೇಲೆ ಬರೆದದ್ದು ಇಂಗ್ಲಿಷಿನಲ್ಲಿತ್ತು. ಬ್ಯಾಂಡಿನ ಸುದ್ದಿಯನ್ನು ಆಗ ನನಗೆ ಯಾರೂ ಹೇಳಿರಲಿಲ್ಲ. ನನಗೆ ಅದೊಂದು ಕಪ್ಪು ಬಿಲ್ಲೆ, ಅಷ್ಟೇ.

ಪ್ರದರ್ಶನದಲ್ಲಿ ನನ್ನ ಬಟ್ಟಲಿಗೆ ಮೊದಲ ಬಹುಮಾನ! ಜೀವನದಲ್ಲಿ ನಾನು ಗೆದ್ದ ಬಹುಮಾನ ಅದೊಂದೇ. ಅಜ್ಜ ಅದನ್ನು ಕೈಯಲ್ಲಿ ಹಿಡಿದು, ತಳದಲ್ಲಿ ಉಳಿದಿದ್ದ, ರೆಕಾರ್ಡಿನ ಹೆಸರಿನ ಕೆಂಪು ಚೀಟಿಯನ್ನು ತುಂಬ ಹೊತ್ತು ನೋಡಿದರು. ಆಮೇಲೆ, "ಚಂದ ಆಗಿದೆ. ತಳದಲ್ಲಿ ಮಾತ್ರ ತೂತು ಉಂಟು" ಎಂದರು. 

ನನಗೆ ವಿಷಯ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ, ಹಮೀದಣ್ಣ ದುಬಾಯಿಯಿಂದ ರಜೆಯಲ್ಲಿ ಬಂದಾಗ. ಟೇಪ್ ರೆಕಾರ್ಡರ್ ಹೆಗಲಿಗೆ ಹಾಕಿಕೊಂಡು ಬಂದು ಜಗಲಿಯಲ್ಲಿ ಕೂತು, "ಎಂತ ಮಾರಾಯ, ನನ್ನ ರೆಕಾರ್ಡು ಎಲ್ಲಿ ಹೋಯಿತೋ ಗೊತ್ತಿಲ್ಲ. ನಿನ್ನ ಹತ್ತಿರ ಒಂದು ಇತ್ತಲ್ವಾ? ಕ್ಯಾಸೆಟ್ಟಿಗೆ ಇಳಿಸುವ" ಎಂದರು.

"ಉಂಟು. ನೀನು ಕಡಲೆ ತಿನ್ನುತ್ತಿರುವುದು ಅದರಲ್ಲೇ" ಎಂದರು ಅಜ್ಜ.

ಹಮೀದಣ್ಣ ಬಟ್ಟಲನ್ನು ಎತ್ತಿ ನೋಡಿ ನಕ್ಕ ರಭಸಕ್ಕೆ ಕಡಲೆ ಅಂಗಳಕ್ಕೆ ಹಾರಿತು. "ಅತ್ತಿಗೇ, ನಮ್ಮ ಹಾಡಿನಿಂದ ಒಬ್ಬರಿಗಾದರೂ ಬಹುಮಾನ ಬಂತಲ್ಲ!" ಬಾಗಿಲ ಹಿಂದೆ ನಿಂತಿದ್ದ ನನಗೆ ಭೂಮಿಯೊಳಗೆ ಇಳಿದರೆ ಸಾಕು ಎನಿಸಿತು. ಆಮೇಲೆ ಅತ್ತು ಕ್ಷಮೆ ಕೇಳಿದರೆ ಅಜ್ಜ, "ಪ್ಲೇಯರು ನಮ್ಮಲ್ಲಿ ಎಲ್ಲಿ ಉಂಟು? ಹೀಗಾದರೆ ದಿನಾ ಕೈಗಾದರೂ ಸಿಗ್ತದೆ" ಎಂದರು. ಆದರೆ ಕಡಲೆ ಮುಗಿದ ಮೇಲೆ ಅವರ ಬೆರಳು ಬಟ್ಟಲಿನ ಗೆರೆಗಳ ಮೇಲೆ ಸುತ್ತು ಹೊಡೆಯುವುದನ್ನು ನಾನು ಕಂಡಿದ್ದೆ. ಆ ಹಾಡನ್ನು ಮತ್ತೆ ಕೇಳದೆಯೇ ಅವರು ತೀರಿಹೋದರು. ಅದಕ್ಕೆ ಕಾರಣ ನಾನೇ ಎಂಬ ಮುಳ್ಳು ಒಳಗೆ ಹಾಗೆಯೇ ಉಳಿಯಿತು.

ಇನ್ನೊಂದು ವಿಷಯ ಹೇಳದಿದ್ದರೆ ನಿಮಗೆ ಅರ್ಥವಾಗದು. ಆ ಕಾಲದಲ್ಲಿ ಅಕ್ಕಿ ಬರುತ್ತಿದ್ದದ್ದು ಬೈಹುಲ್ಲು ಸುತ್ತಿದ ಮುಡಿಯಲ್ಲಿ. ಭಾರವಾದ ಆ ಮುಡಿಯನ್ನು ನಾವಿಬ್ಬರೂ ಸೇರಿ ಹಲಗೆಯ ಮೇಲೆ ಎತ್ತಿಡಬೇಕು. ಅಜ್ಜ ತುಳುವಿನಲ್ಲಿ ಎಣಿಸುವರು: "ಒಂಜಿ, ರಡ್ಡ್, ಮೂಜಿ, ನಾಲ್." ನಾನು ಪ್ರತಿಸಲವೂ ಮೂರಕ್ಕೇ ಎತ್ತಿಬಿಡುತ್ತಿದ್ದೆ. ಮುಡಿ ಅವರ ಕಾಲಿನ ಮೇಲೆ.

"ನಾಲ್ಕಕ್ಕೆ ಮಾರಾಯ್ತಿ, ನಾಲ್ಕಕ್ಕೆ!"

"ಲೋಕವೆಲ್ಲ ಮೂರಕ್ಕೆ ಎತ್ತುತ್ತದೆ ಮಾರಾಯ್ರೆ, ನಿಮಗೆ ಮಾತ್ರ ಎಂತಕ್ಕೆ ನಾಲ್ಕು?"

ಅವರು ಕಾಲು ಉಜ್ಜಿಕೊಳ್ಳುತ್ತ ನಗುತ್ತಿದ್ದರು. 

ನಿನ್ನೆ ನೀವು ರೆಕಾರ್ಡಿನ ಮೇಲೆ ಪ್ಲೇಯರಿನ ಮುಳ್ಳು ಇಟ್ಟಿರಿ. ಸ್ವಲ್ಪ ಹೊತ್ತು ಚರಪರ ಸದ್ದು. ಆಮೇಲೆ, ಹಾಡು ಶುರುವಾಗುವ ಮೊದಲು, ಇನ್ನೂ ಮೀಸೆ ಬಲಿಯದ ಹುಡುಗನ ಒಂದು ಗಂಟಲು ಜೋರಾಗಿ ಎಣಿಸಿತು: "ಒಂಜಿ, ರಡ್ಡ್, ಮೂಜಿ..." ಅಷ್ಟರಲ್ಲಿ ನನ್ನ ಎರಡೂ ಕೈ ತಾವಾಗಿ ಮೇಲೆದ್ದವು, ಮಕ್ಕಳೇ. "ನಾಲ್" ಎಂದ ಮೇಲೆ ಡ್ರಮ್ಮು, ಗಿಟಾರು ಎಲ್ಲ ಒಟ್ಟಿಗೆ ಮೈಮೇಲೆ ಬಿದ್ದವು. ಅದು ಅಜ್ಜನದೇ ದನಿ. ಅಷ್ಟು ವರ್ಷ ಅವರು ನನ್ನ ಜೊತೆ ಅಕ್ಕಿಮುಡಿ ಎತ್ತಿದ್ದು ಹಾಡಿನ ಲೆಕ್ಕದಲ್ಲಿ! ಅಡುಗೆಮನೆಯಲ್ಲಿ ನಾನು ಸೆರಗು ಬಾಯಿಗೊತ್ತಿಕೊಂಡು ನಕ್ಕದ್ದು ನಿಮಗೆ ಕೇಳಿಸಲಿಲ್ಲ. ಒಳ್ಳೆಯದೇ ಆಯಿತು. ನಾನು ಬಿಸಿನೀರು ಹೊಯ್ದರೂ ಆ ಎಣಿಕೆ ನಿಂತಿರಲಿಲ್ಲ. ಮನೆಯಲ್ಲೇ ಇತ್ತು, ನನ್ನ ಕೈಯಲ್ಲೇ ಇತ್ತು.

ಇವತ್ತು ಇನ್ನೊಮ್ಮೆ ಹಾಕಿ. ಸದ್ದು ತಗ್ಗಿಸಬೇಡಿ. ಈ ಸಲ ನಾಲ್ಕರವರೆಗೆ ಕಾಯಬೇಕೆಂದು ಮಾಡಿದ್ದೇನೆ.

ಕೇಳಿ ಆದ ಮೇಲೆ ಈ ಹಾಳೆಗಳನ್ನು ಹೊಸ ರೆಕಾರ್ಡಿನ ಕವರಿನೊಳಗೇ ಜೋಪಾನವಾಗಿ ಇಡಿ. ಬಟ್ಟಲಿನಲ್ಲಿ ಬೇಡ. ತಳದಲ್ಲಿ ತೂತು ಉಂಟು.